ಕಂಡದ್ದು ಸುಳ್ಳು, ಸಿಕ್ಕ ನೆಮ್ಮದಿ?

ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಒಮ್ಮೆ ಲಾಫಿಂಗ್ ಗ್ಯಾಸ್ ಸೇದಿ ನೋಡಿದರು. ವಿಶ್ವದ ಗುಟ್ಟೆಲ್ಲ ಬಯಲಾದಂತಾಯಿತು. ಹಾಳೆಗಟ್ಟಲೆ ಬರೆದರು. ಅಮಲಿಳಿದ ಮೇಲೆ ಓದಿದರೆ ಬರೀ ಬಡಬಡಿಕೆ! ಇದನ್ನು 1882ರಲ್ಲಿ ಅವರೇ ಬರೆದು ಒಪ್ಪಿಕೊಂಡರು. ಆದರೂ ಆ ಅನುಭವವನ್ನು ತಳ್ಳಿಹಾಕಲಿಲ್ಲ. ‘ನಿಜ ಗೊತ್ತಾಯಿತು’ ಅನ್ನುವ ಗಟ್ಟಿ ಭಾವನೆ ಅನುಭಾವದ ಒಂದು ಗುರುತು ಎಂದು ಮುಂದೆ 1902ರಲ್ಲಿ ಹೇಳಿದರು.

ಭಾವನೆ ಗಟ್ಟಿಯಾಗಿದ್ದ ಮಾತ್ರಕ್ಕೆ ಕಂಡದ್ದು ನಿಜವಾಗುತ್ತಾ? ಈ ಹಳೇ ಪ್ರಶ್ನೆ ಈಗ ಆಸ್ಪತ್ರೆಗೆ ಬಂದಿದೆ.

2016ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 51 ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕೊಟ್ಟದ್ದು ಸೈಲೋಸಿಬಿನ್, ಮ್ಯಾಜಿಕ್ ಮಶ್ರೂಮ್ ಎಂಬ ಅಣಬೆಯಲ್ಲಿರುವ, ಇಂಥದ್ದೇ ಅನುಭಾವ ಹುಟ್ಟಿಸಬಲ್ಲ ವಸ್ತು. (ನಮ್ಮಲ್ಲಿ ಅದು ಮಾದಕವಸ್ತು ಕಾಯ್ದೆಯಡಿ ಬರುತ್ತದೆ, ಸುಮ್ನೆ ಹುಡುಕಿಕೊಂಡು ಹೋಗಬೇಡಿ.) ಮನೆಯಂಥ ಕೋಣೆ, ಸೋಫಾ, ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ, ಪಕ್ಕದಲ್ಲಿ ಕಾಯುವವರು. ಆರು ತಿಂಗಳ ನಂತರವೂ ಸುಮಾರು ಶೇ. 80ರಷ್ಟು ಜನರಲ್ಲಿ ಆತಂಕ, ಖಿನ್ನತೆ ಗಣನೀಯವಾಗಿ ತಗ್ಗಿತ್ತು. ಅನುಭಾವ ಗಾಢವಾದಷ್ಟೂ ನೆಮ್ಮದಿ ಜಾಸ್ತಿ.

ಒಂದು ತೊಡಕಿದೆ. ಹೋಲಿಸಿ ನೋಡಲು ಒಮ್ಮೆ ಹೆಚ್ಚಿನ ಡೋಸ್, ಇನ್ನೊಮ್ಮೆ ನೆಪಮಾತ್ರದ ಸಣ್ಣ ಡೋಸ್ ಕೊಡುತ್ತಾರೆ; ಯಾವುದು ಯಾವುದು ಅಂತ ರೋಗಿಗೆ ಬೇಗ ಗೊತ್ತಾಗಿಬಿಡುತ್ತದೆ. ಹಾಗಾಗಿ ಔಷಧದ ಗುಣ ಎಷ್ಟು, ನಿರೀಕ್ಷೆಯದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ತತ್ವಜ್ಞಾನಿಗಳ ತಕರಾರು ಬೇರೆ. ‘ಎಲ್ಲವೂ ಒಂದೇ, ಸಾವೇ ಇಲ್ಲ’ ಎಂಬ ಭ್ರಮೆ ಹುಟ್ಟಿಸಿ ಸಮಾಧಾನ ಮಾಡುವುದು ಸರಿಯಾ? ಆಸ್ಟ್ರೇಲಿಯಾದ ಕ್ರಿಸ್ ಲೆಥೆಬಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ನೆಮ್ಮದಿ ಬರುವುದು ಮುಖ್ಯವಾಗಿ ಆ ನಂಬಿಕೆಯಿಂದಲ್ಲ, ‘ನಾನು’ ಅನ್ನುವುದರ ಹಿಡಿತ ಸಡಿಲವಾಗುವುದರಿಂದ ಅನ್ನುತ್ತಾರೆ. ‘ನನಗೇನಾಗುತ್ತೋ’ ಎಂದು ಗಾಣದೆತ್ತಿನಂತೆ ಸುತ್ತುವ ಮನಸ್ಸಿಗೆ ಸ್ವಲ್ಪ ಹೊತ್ತು ನೊಗ ಕಳಚಿದ ಹಾಗೆ. ನನಗೆ ಇದು ಅರ್ಧ ಒಪ್ಪಿಗೆ. ‘ನಾನು ದೇವರನ್ನೇ ಕಂಡೆ’ ಎನ್ನುವವರಿಗೆ ಕಂಡದ್ದೇ ಮುಖ್ಯ, ಅಲ್ವಾ?

ಹಾಪ್ಕಿನ್ಸ್‌ನ ಸಂಶೋಧಕರಾಗಿದ್ದ ಮ್ಯಾಥ್ಯೂ ಜಾನ್ಸನ್ ಎತ್ತಿದ ಮಾತು ಇನ್ನೂ ಸಣ್ಣದು, ಹೆಚ್ಚು ಉಪಯೋಗದ್ದು. ಇಂಥ ಕೋಣೆಗಳಲ್ಲಿ ಬುದ್ಧನ ಮೂರ್ತಿ ಯಾಕೆ ಇಡುತ್ತೀರಿ ಎಂದು ಅವರು ತಕರಾರು ತೆಗೆದರು. ದೇವರ ಫೋಟೊ ಇಲ್ಲದ ನರ್ಸಿಂಗ್ ಹೋಮ್ ಕಾಣದ ನಮಗೆ ಇದು ಅತಿ ಅನಿಸಬಹುದು. ಆದರೆ ಆ ಹೊತ್ತಿನಲ್ಲಿ ಮನಸ್ಸು ಹಸಿ ಜೇಡಿಮಣ್ಣು. ಮೂಲೆಯಲ್ಲಿ ಕೂತ ಮೂರ್ತಿಯೂ ಅಲ್ಲಿ ಅಚ್ಚೊತ್ತಬಹುದು.