ಸರ್ವಾಧಿಕಾರಿ ಅಂದ್ರೆ ಯಾರು, ಯಾರಲ್ಲ

ನಿನ್ನೆ ಮತ್ತೊಂದು ಪಟ್ಟಿ ಕಣ್ಣಿಗೆ ಬಿತ್ತು, ಜಗತ್ತು ಕಂಡ ಕ್ರೂರ ಸರ್ವಾಧಿಕಾರಿಗಳು ಅಂತ. ಚೆಂಗೀಸ್ ಖಾನ್ ಮೊದಲು, ಆಮೇಲೆ ಫ್ರಾನ್ಸಿನ ಹದಿನಾಲ್ಕನೇ ಲೂಯಿ, ರಷ್ಯಾದ ಇವಾನ್ ದಿ ಟೆರಿಬಲ್, ಅವರ ಪಕ್ಕದಲ್ಲೇ ಹಿಟ್ಲರ್, ಮುಸೊಲಿನಿ. ಇಂಥ ಪಟ್ಟಿ ನೋಡಿ ನೋಡಿ ಸಾಕಾಗಿದೆ, ಅದಕ್ಕೇ ಕೂತು ಬರೀತಿದ್ದೀನಿ. ಇವರಲ್ಲಿ ಯಾರೋ ಪಾಪದವರು ಅಂತ ವಾದ ಮಾಡ್ತಿಲ್ಲ. ಚೆಂಗೀಸ್ ಖಾನ್ ದಂಡೆತ್ತಿ ಹೋದ ಕಡೆ ಊರಿಗೆ ಊರೇ ಹಾಳಾಗಿದ್ದು ನಿಜ, ಆದ್ರೂ ಅವನು ಸರ್ವಾಧಿಕಾರಿ ಅಲ್ಲ, ಲೂಯಿಯಂತೂ ಮೊದಲೇ ಅಲ್ಲ.

ಗೊಂದಲಕ್ಕೆ ಅರ್ಧ ಕಾರಣ ನಮ್ಮ ಪದವೇ. ಸರ್ವ ಅಧಿಕಾರ ಅಂದಕೂಡ್ಲೇ ಎಲ್ಲಾ ಅಧಿಕಾರ ಒಬ್ಬನ ಕೈಲಿ ಅಂತ ಕೇಳಿಸುತ್ತೆ, ಹಾಗಾಗಿ ಯಾರ ಕೈಲಿ ಜಾಸ್ತಿ ಅಧಿಕಾರ ಇತ್ತೋ ಅವರನ್ನೆಲ್ಲ ಅದೇ ಚೀಲಕ್ಕೆ ತುಂಬೋದು. ಆದ್ರೆ ಹಳೆಗನ್ನಡ ಶಾಸನಗಳಲ್ಲಿ ಸರ್ವಾಧಿಕಾರಿ ಅಂದ್ರೆ ಒಂದು ಹುದ್ದೆ. ಶ್ರವಣಬೆಳಗೊಳದಲ್ಲಿ 1159ರಲ್ಲಿ ಭಂಡಾರಿ ಬಸದಿ ಕಟ್ಟಿಸಿದ ಹುಳ್ಳನನ್ನ ಶಾಸನ ಮಹಾಪ್ರಧಾನ, ಸರ್ವಾಧಿಕಾರಿ, ಹಿರಿಯ ಭಂಡಾರಿ ಅಂತ ಒಂದೇ ಉಸಿರಲ್ಲಿ ಕರೆಯುತ್ತೆ. ಅವನು ಹೊಯ್ಸಳ ರಾಜರ ಮಂತ್ರಿ, ಖಜಾನೆ ನೋಡ್ಕೊಳ್ತಿದ್ದವನು, ಮೇಲೆ ರಾಜ ಇದ್ದ. ಹದಿನೆಂಟನೇ ಶತಮಾನದ ಮೈಸೂರಲ್ಲಿ ಕಳಲೆ ನಂಜರಾಜಯ್ಯ ಸರ್ವಾಧಿಕಾರಿ, ಸಿಂಹಾಸನದ ಮೇಲಿದ್ದದ್ದು ಇಮ್ಮಡಿ ಕೃಷ್ಣರಾಜ ಒಡೆಯರು. ನಿಜವಾದ ಹಿಡಿತ ಯಾರದ್ದು ಅನ್ನೋದು ಬೇರೆ ಮಾತು, ಪದದ ಮಟ್ಟಿಗೆ ಹೇಳೋದಾದ್ರೆ ಸರ್ವಾಧಿಕಾರಿ ಅಂದ್ರೆ ಇನ್ನೊಬ್ಬರು ಕೊಟ್ಟ ಅಧಿಕಾರದಲ್ಲಿ ಕೆಲಸ ಮಾಡೋನು.

ಇನ್ನೂ ಹಿಂದೆ ಹೋದ್ರೆ ಅಧಿಕಾರ ಅನ್ನೋ ಮಾತಿಗೇ ಒಂದು ಗಡಿ ಇದೆ. ಪಾಣಿನಿಯ ವ್ಯಾಕರಣದಲ್ಲಿ ಅಧಿಕಾರ ಸೂತ್ರ ಅಂತ ಬರುತ್ತೆ, ಒಂದು ಸೂತ್ರ ತನ್ನ ಮುಂದಿನ ಎಷ್ಟೋ ಸೂತ್ರಗಳ ಮೇಲೆ ಹಿಡಿತ ಇಟ್ಕೊಂಡಿರುತ್ತೆ, ಆದ್ರೆ ಇಂಥ ಕಡೆ ತನಕ ಮಾತ್ರ. ಎಷ್ಟೋ ಸಲ ಆ 'ತನಕ'ವನ್ನ ಸೂತ್ರದ ಒಳಗೇ ಹೇಳಿಬಿಟ್ಟಿರ್ತಾನೆ, 'ಪ್ರಾಕ್' ಅಂತ ಶುರು ಮಾಡಿ. ಅಧಿಕಾರದ ಜೊತೆ ಅದು ಎಲ್ಲಿ ಮುಗಿಯುತ್ತೆ ಅನ್ನೋದೂ ಸೇರ್ಕೊಂಡಿರುತ್ತೆ. ನನಗೆ ಇದು ತುಂಬಾ ಇಷ್ಟದ ವಿಷಯ, ಯಾಕಂದ್ರೆ ನಾವು ಯಾವ ಪದಕ್ಕೆ ಸರ್ವಾಧಿಕಾರಿ ಅಂತ ಅನುವಾದ ಮಾಡ್ಕೊಂಡ್ವೋ ಆ ಡಿಕ್ಟೇಟರ್ ಅನ್ನೋ ರೋಮನ್ ಪದದ ಜೀವ ಇರೋದೂ ಅದೇ 'ತನಕ'ದಲ್ಲಿ.

ಡಿಕ್ಟೇಟರ್ ಬಂದಿದ್ದು ಲ್ಯಾಟಿನ್ನಿನ ಡಿಕ್ಟಾರೆ ಇಂದ, ಒತ್ತಿ ಹೇಳು, ಹೇಳಿ ಬರೆಸು ಅಂತ. ಸ್ಕೂಲಲ್ಲಿ ಉಕ್ತಲೇಖನಕ್ಕೆ ಡಿಕ್ಟೇಷನ್ ಅಂತಾರಲ್ಲ ಅದೇ ಬೇರು, ಒಬ್ಬರು ಹೇಳೋದು ಉಳಿದವರು ಬರ್ಕೊಳ್ಳೋದು. ರೋಮ್ ರಾಜರನ್ನ ಓಡಿಸಿ ಗಣರಾಜ್ಯ ಆದ್ಮೇಲೆ ಆಡಳಿತ ನಡೆಸೋಕೆ ವರ್ಷಕ್ಕೆ ಇಬ್ಬರು ಕಾನ್ಸುಲ್‌ಗಳು, ಒಬ್ಬ ಮಾಡಿದ್ದನ್ನ ಇನ್ನೊಬ್ಬ ತಡೀಬಹುದು. ಶತ್ರು ಬಾಗಿಲಿಗೆ ಬಂದಾಗ ಇಬ್ಬರು ಜಗಳ ಆಡ್ತಾ ಕೂತ್ರೆ ಆಗಲ್ಲ, ಆಗ ಸೆನೆಟ್ ಅನ್ನೋ ಹಿರಿಯರ ಸಭೆ ಹೇಳಿದ ಮೇಲೆ ಕಾನ್ಸುಲ್ ನಡುರಾತ್ರಿ ಎದ್ದು ಸದ್ದಿಲ್ಲದೆ ಒಬ್ಬನನ್ನ ಡಿಕ್ಟೇಟರ್ ಅಂತ ಹೆಸರಿಸ್ತಿದ್ದ. ಹೆಚ್ಚು ಅಂದ್ರೆ ಆರು ತಿಂಗಳು. ಇದು ಕಾನೂನು ಮುರಿದು ಹುಟ್ಟಿದ ಹುದ್ದೆ ಅಲ್ಲ, ಕಾನೂನೇ ಇಟ್ಟಿದ್ದ ಹುದ್ದೆ.

ಕ್ರಿ.ಪೂ. 458ರ ಸಿನ್ಸಿನಾಟಸ್ ಕಥೆ ಬಹಳ ಜನಕ್ಕೆ ಗೊತ್ತು, ಟೈಬರ್ ನದಿಯಾಚೆ ತನ್ನ ಸಣ್ಣ ಹೊಲದಲ್ಲಿ ಕೆಲಸ ಮಾಡ್ತಿದ್ದವನ ಹತ್ರ ಸೆನೆಟ್ ಕಡೆಯವರು ಬಂದ್ರು, ಅವನು ಹೆಂಡತಿ ರಾಸಿಲಿಯಾಗೆ ಗುಡಿಸಲಿಂದ ಟೋಗಾ ತಗೊಂಡು ಬಾ ಅಂದ, ಮೈಮೇಲಿನ ಮಣ್ಣು ಬೆವರು ಒರೆಸ್ಕೊಂಡು ಟೋಗಾ ಹೊದ್ದ, ಆಮೇಲೆ ಹೋಗಿ ಶತ್ರುಗಳ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದ ಸೈನ್ಯ ಬಿಡಿಸಿ ಹದಿನಾರನೇ ದಿನ ಹುದ್ದೆ ಬಿಟ್ಟ. ಇದರಲ್ಲಿ ಕಥೆ ಎಷ್ಟು ಚರಿತ್ರೆ ಎಷ್ಟು ಅನ್ನೋದಿರಲಿ, ಡಿಕ್ಟೇಟರ್ ಅಂದ್ರೆ ಹೀಗಿರಬೇಕು ಅಂತ ರೋಮನ್ನರು ತಲೆತಲಾಂತರ ಹೇಳ್ಕೊಂಡು ಬಂದ್ರು.

ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಕ್ರಿ.ಪೂ. 363ರದ್ದು. ರೋಮಲ್ಲಿ ಸಾಂಕ್ರಾಮಿಕ ರೋಗ ನಿಲ್ತಾ ಇರಲಿಲ್ಲ, ಹಿಂದೊಮ್ಮೆ ಡಿಕ್ಟೇಟರ್ ಜುಪಿಟರ್ ಗುಡಿಯಲ್ಲಿ ಮೊಳೆ ಹೊಡೆದಾಗ ರೋಗ ನಿಂತಿತ್ತು ಅಂತ ಹಿರಿಯರು ಹೇಳಿದ್ರು, ಸರಿ, ಮ್ಯಾನ್ಲಿಯಸ್ ಅನ್ನೋನನ್ನ ಡಿಕ್ಟೇಟರ್ ಮಾಡಿದ್ರು. ಕೆಲಸ ಏನು? ಗುಡಿಯ ಗೋಡೆಗೆ ಒಂದು ಮೊಳೆ ಹೊಡೆಯೋದು, ಅಷ್ಟೇ. ಅವನು ಮೊಳೆ ಹೊಡೆದು ಸುಮ್ನಿರದೆ ಯುದ್ಧಕ್ಕೂ ಜನ ಸೇರಿಸೋಕೆ ಹೊರಟ, ಜನರ ಕಡೆಯ ಟ್ರಿಬ್ಯೂನ್‌ಗಳು ತಿರುಗಿಬಿದ್ದು ರಾಜೀನಾಮೆ ಕೊಡಿಸಿದ್ರು. ಸರ್ವ ಅಧಿಕಾರ ಅಂತ ನಾವು ಓದೋ ಹುದ್ದೆಗೆ ಒಂದು ಮೊಳೆಯಷ್ಟೇ ವ್ಯಾಪ್ತಿ ಇರಬಹುದಿತ್ತು.

ಇದು ಕೆಟ್ಟಿದ್ದು ಎಲ್ಲಿ ಅಂದ್ರೆ ಸುಲ್ಲಾ ಅನ್ನೋ ರೋಮನ್ ಸೇನಾಪತಿ ಹತ್ರ. ಕ್ರಿ.ಪೂ. 202ರ ನಂತರ 120 ವರ್ಷ ರೋಮ್ ಒಬ್ಬ ಡಿಕ್ಟೇಟರನ್ನೂ ನೇಮಿಸಿರಲಿಲ್ಲ. ಕ್ರಿ.ಪೂ. 82ರಲ್ಲಿ ಸುಲ್ಲಾ ಸೈನ್ಯ ನುಗ್ಗಿಸಿ ನಗರ ಹಿಡಿದು ಆ ಹಳೇ ಹುದ್ದೆಯನ್ನ ಎತ್ತಿಕೊಂಡ, ಹೆಸರು ಅದೇ, ಆರು ತಿಂಗಳ ಗಡುವು ಮಾತ್ರ ಇಲ್ಲ. ಕೊಲ್ಲಬೇಕಾದವರ ಹೆಸರುಗಳನ್ನ ಪಟ್ಟಿ ಮಾಡಿ ಸಾರ್ವಜನಿಕವಾಗಿ ನೇತುಹಾಕಿದ್ರು. ಆದ್ರೂ ಸುಲ್ಲಾ ಕೊನೆಗೆ ತಾನೇ ಇಳಿದ. ಸೀಸರ್ ಇಳಿಯಲಿಲ್ಲ. ಅವನದ್ದು ನೋಡಿ: ಕ್ರಿ.ಪೂ. 49ರಲ್ಲಿ ಬರೀ 11 ದಿನ, ಆಮೇಲೆ ಒಂದು ವರ್ಷ, ಕ್ರಿ.ಪೂ. 46ರಲ್ಲಿ ಹತ್ತು ವರ್ಷಕ್ಕೆ ಅಂತ, 44ರ ಹೊತ್ತಿಗೆ ಶಾಶ್ವತ ಡಿಕ್ಟೇಟರ್, ನಾಣ್ಯದ ಮೇಲೆ ಅವನ ಮುಖದ ಜೊತೆ ಅದನ್ನೇ ಅಚ್ಚು ಹಾಕಿಸಿದ್ರು. ಅದೇ ವರ್ಷ ಮಾರ್ಚ್ 15ಕ್ಕೆ ಕೊಂದ್ರು. ಸೀಸರ್ ಕಡೆಯವನೇ ಆದ ಮಾರ್ಕ್ ಆಂಟನಿ ಡಿಕ್ಟೇಟರ್ ಹುದ್ದೆಯನ್ನೇ ರದ್ದು ಮಾಡೋ ಕಾನೂನು ತಂದ. ಕ್ರಿ.ಪೂ. 22ರಲ್ಲಿ ಜನ ಸೀಸರನ ದತ್ತುಮಗ ಅಗಸ್ಟಸ್‌ಗೆ ನೀನೇ ಡಿಕ್ಟೇಟರ್ ಆಗು ಅಂತ ಮುತ್ತಿಕೊಂಡಾಗ ಅವನು ಮಂಡಿಯೂರಿ, ಟೋಗಾ ಭುಜದಿಂದ ಜಾರಿಸಿ ಎದೆ ತೆರೆದು, ಬೇಡ ಅಂತ ಬೇಡಿಕೊಂಡ. ಆ ಹೆಸರು ಅಷ್ಟು ಕೆಟ್ಟಿತ್ತು. ಅಧಿಕಾರ ಮಾತ್ರ ಬಿಡಲಿಲ್ಲ, ಬೇರೆ ಹೆಸರುಗಳಲ್ಲಿ ಸಾಯೋ ತನಕ ಇಟ್ಕೊಂಡ, ಚಕ್ರವರ್ತಿ ಅಂತ ನಾವು ಕರೆಯೋ ಪದವಿ ಹುಟ್ಟಿದ್ದು ಹಾಗೆ. ಸೀಸರ್ ಅನ್ನೋ ಮನೆತನದ ಹೆಸರು ಕೈಸರ್ ಆಗಿ ಜರ್ಮನಿಗೆ, ತ್ಸಾರ್ ಆಗಿ ರಷ್ಯಾಕ್ಕೆ ಹೋಯ್ತು, 1547ರಲ್ಲಿ ಇವಾನ್ ಕಿರೀಟ ಇಟ್ಕೊಂಡಿದ್ದು ಆ ಹೆಸರಲ್ಲೇ, ಡಿಕ್ಟೇಟರ್ ಅನ್ನೋ ಹುದ್ದೆಯನ್ನ ಮಾತ್ರ ಯಾವ ರಾಜಮನೆತನವೂ ಕಿರೀಟಕ್ಕೆ ಸೇರಿಸ್ಕೊಳ್ಳಲಿಲ್ಲ.

ಈಗ ಆ ಪಟ್ಟಿಗೆ ಬರೋಣ. ಲೂಯಿ 1643ರಲ್ಲಿ ರಾಜನಾದಾಗ ಅವನಿಗೆ ಐದು ವರ್ಷವೂ ತುಂಬಿರಲಿಲ್ಲ. ಯಾರೂ ಅವನಿಗೆ ಅಧಿಕಾರ ವಹಿಸಿಕೊಡಲಿಲ್ಲ, ಅಪ್ಪ ಸತ್ತ, ಇವನು ರಾಜ. 72 ವರ್ಷ ಆಳಿ 1715ರಲ್ಲಿ ಸತ್ತಾಗ ಬರೆದಿಟ್ಟಿದ್ದ ಉಯಿಲನ್ನ ಪ್ಯಾರಿಸ್ಸಿನ ಪಾರ್ಲಮೆಂಟ್ ಅನ್ನೋ ನ್ಯಾಯಸಭೆ ರದ್ದು ಮಾಡಿತು. ಚೆಂಗೀಸ್ ಖಾನನನ್ನ 1206ರಲ್ಲಿ ಮಂಗೋಲ್ ಕುಲಗಳ ಕುರುಲ್ತಾಯ್ ಅನ್ನೋ ಸಭೆ ಖಾನ್ ಅಂತ ಒಪ್ಕೊಂಡಿತು, ಅಲ್ಲಿ ಬದಿಗೆ ಸರಿಸೋಕೆ ಗಣರಾಜ್ಯ ಎಲ್ಲಿತ್ತು? ಇಂಥವರಿಗೆ ಹೇಳಬೇಕಾದ ಪದ ಕನ್ನಡದಲ್ಲಿ ಇದೆ, ನಿರಂಕುಶ ಪ್ರಭು. ಅಂಕುಶ ಅಂದ್ರೆ ಮಾವುತನ ಕೈಲಿರೋ ಕೊಕ್ಕೆ, ಅದಿಲ್ಲದ ಆನೆ ನಿರಂಕುಶ. ಆನೆ ಯಾರ ನೇಮಕಾತಿಯಿಂದಲೂ ಆನೆ ಆಗಿರಲ್ಲ ಅಲ್ವಾ, ಹುಟ್ಟಿನಿಂದ ಬಂದ ಬಲ, ತಡೆಯೋರಿಲ್ಲ ಅಷ್ಟೇ. ಎಷ್ಟು ಸರಿಯಾಗಿ ಕೂರುತ್ತೆ ನೋಡಿ. ಅದನ್ನ ಬಿಟ್ಟು ಎಲ್ಲದಕ್ಕೂ ಸರ್ವಾಧಿಕಾರಿ ಅಂದ್ರೆ ಎರಡೂ ಪದ ಸವೆದು ಹೋಗುತ್ತವೆ.

ಹಿಟ್ಲರ್ ಮಾತ್ರ ಆ ಪಟ್ಟಿಯಲ್ಲಿ ಸರಿಯಾದ ಜಾಗದಲ್ಲಿದ್ದಾನೆ, ಆದ್ರೆ ಪಟ್ಟಿ ಮಾಡಿದವರು ಕೊಟ್ಟ ಕಾರಣ ಕ್ರೌರ್ಯ. ಕಾರಣ ಅದಲ್ಲ. 1933ರ ಜನವರಿ 30ಕ್ಕೆ ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನ ಚಾನ್ಸೆಲರ್ ಅಂತ ನೇಮಿಸಿದ್ದು ಕಾನೂನು ಪ್ರಕಾರವೇ. ಫೆಬ್ರವರಿ 27ಕ್ಕೆ ಸಂಸತ್ ಭವನಕ್ಕೆ ಬೆಂಕಿ ಬಿತ್ತು, ಮಾರನೇ ದಿನ ತುರ್ತು ಆಜ್ಞೆಯಲ್ಲಿ ನಾಗರಿಕ ಹಕ್ಕುಗಳು ಹೋದವು. ಮಾರ್ಚ್ 23ಕ್ಕೆ ಕ್ರೋಲ್ ಅನ್ನೋ ಒಪೆರಾ ಮನೆಯಲ್ಲಿ ಸಂಸತ್ತು ಸೇರಿತು, ಸುತ್ತ ಯೂನಿಫಾರ್ಮ್ ಹಾಕಿದ ನಾಜಿ ಪಡೆ, ಕಮ್ಯುನಿಸ್ಟ್ ಸದಸ್ಯರಿಗೆ ಒಳಗೇ ಜಾಗ ಇಲ್ಲ. ಸಂಸತ್ತನ್ನ ಕೇಳದೆ ಸರ್ಕಾರವೇ ಕಾನೂನು ಮಾಡಬಹುದು ಅನ್ನೋ ಮಸೂದೆಗೆ 444 ಮತ ಪರ, 94 ವಿರುದ್ಧ, ಆ 94ರಷ್ಟೂ ಸೋಶಿಯಲ್ ಡೆಮಾಕ್ರಾಟರದ್ದು. ಇಷ್ಟೆಲ್ಲಾ ಆದ್ರೂ ಆ ಕಾನೂನಿಗೆ ಗಡುವು ಇತ್ತು, ನಾಲ್ಕು ವರ್ಷ. 1937ರಲ್ಲಿ ಮುಂದೂಡಿದ್ರು, 1939ರಲ್ಲಿ ಮುಂದೂಡಿದ್ರು, 1943ರಲ್ಲಿ ಮತ್ತೆ. ಸೀಸರನ 11 ದಿನ, ಒಂದು ವರ್ಷ, ಹತ್ತು ವರ್ಷ ಇದ್ದಂಗೇ ಇದು. ಸರ್ವಾಧಿಕಾರ ಅಂದ್ರೆ ಇದು, ಜನ ಕೊಟ್ಟಿದ್ದ, ಗಡುವಿದ್ದ ಅಧಿಕಾರದ ಗಡುವನ್ನ ಅಳಿಸಿಹಾಕೋದು. ವಾಪಸ್ ತಗೊಳ್ಳೋ ದಾರಿ ಮೊದಲು ಇರಲೇಬೇಕು, ಆಮೇಲೆ ಅದನ್ನ ಮುಚ್ಚಬೇಕು. ಮುಸೊಲಿನಿ ಆ ದಾರಿಯನ್ನ ಪೂರ್ತಿ ಮುಚ್ಚಿರಲಿಲ್ಲ, ಅದಕ್ಕೇ 1943ರ ಜುಲೈ 25ಕ್ಕೆ ಇಟಲಿಯ ರಾಜ ಅವನನ್ನ ಕರೆಸಿ ಕೆಲಸದಿಂದ ತೆಗೀಬಹುದಾಯ್ತು.

ಆ ಪಟ್ಟಿಯಲ್ಲಿ ಇಟಲಿಯನ್ನ ಒಂದುಗೂಡಿಸೋಕೆ ಹೋರಾಡಿದ ಗ್ಯಾರಿಬಾಲ್ಡಿ ಹೆಸರಿರಲಿಲ್ಲ, ಇರೋದೂ ಇಲ್ಲ. ಆದ್ರೆ ಡಿಕ್ಟೇಟರ್ ಅಂತ ತಾನೇ ಘೋಷಿಸಿಕೊಂಡು, ಆದೇಶಗಳಿಗೆ ಆ ಪದದ ಕೆಳಗೇ ಸಹಿ ಹಾಕಿದವನು ಅವನು. 1860ರ ಮೇ ತಿಂಗಳಲ್ಲಿ ಸುಮಾರು ಸಾವಿರ ಜನ ಕಟ್ಕೊಂಡು ಸಿಸಿಲಿಯ ಮಾರ್ಸಾಲಾದಲ್ಲಿ ಇಳಿದು, 14ನೇ ತಾರೀಕು ಸಾಲೆಮಿ ಅನ್ನೋ ಊರಲ್ಲಿ ಉತ್ತರ ಇಟಲಿಯ ದೊರೆ ವಿಕ್ಟರ್ ಇಮ್ಯಾನುಯೆಲ್ ಹೆಸರಲ್ಲಿ ಸಿಸಿಲಿಯ ಡಿಕ್ಟೇಟರ್ ಆದ, ಸೆಪ್ಟೆಂಬರ್ ಹೊತ್ತಿಗೆ ನೇಪಲ್ಸ್ ಕೂಡ ಅವನ ಕೈಲಿ. ಅಕ್ಟೋಬರಲ್ಲಿ ಜನಮತ ಆಯ್ತು, ಎಲ್ಲಾ ದೊರೆಗೆ ಒಪ್ಪಿಸಿ ನವೆಂಬರ್ 9ಕ್ಕೆ ಕಾಪ್ರೇರಾ ದ್ವೀಪದ ತನ್ನ ತೋಟಕ್ಕೆ ಹಡಗು ಹತ್ತಿದ, ಜೊತೆಗೆ ಒಂದು ಚೀಲ ಬಿತ್ತನೆ ಬೀಜ.