ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಎಷ್ಟು ಹೊತ್ತು?

ಪ್ರಶ್ನೆ: ಮಗಳ ಬಾಣಂತನಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು. ಬೆಂಗಳೂರಿನಿಂದ ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ.

ಉತ್ತರ: ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಮಕ್ಕಳ ಗ್ಲೋಬ್ ಮೇಲೆ ಎರಡೂ ಊರುಗಳ ನಡುವೆ ದಾರ ಎಳೆದು ನೋಡಿ. ದಾರ ಚೀನಾ, ಸೈಬೀರಿಯಾ ದಾಟಿ, ಉತ್ತರದ ಹಿಮಪ್ರದೇಶದ ಅಂಚಿಗೆ ತಾಗಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯುತ್ತದೆ. ಗಂಟೆಗೆ 900 ಕಿ.ಮೀ. ವೇಗ ಹಿಡಿದರೆ ಹದಿನೈದೂವರೆ ಗಂಟೆ.

ಆದರೆ ಬರೀ ಕಿಲೋಮೀಟರ್ ನೋಡಿದರೆ ಲೆಕ್ಕ ತಪ್ಪುತ್ತದೆ. ವಿಮಾನ ಹಾರುವ ಎತ್ತರದಲ್ಲಿ, ಅಂದರೆ ಸುಮಾರು 10 ಕಿ.ಮೀ. ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಇದಕ್ಕೆ ದೆಹಲಿಯ ಉದಾಹರಣೆ ನನಗೆ ತುಂಬಾ ಇಷ್ಟ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಪಶ್ಚಿಮದ ಅಟ್ಲಾಂಟಿಕ್ ದಾರಿ ಬಿಟ್ಟು ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹಾರಿತು. ದೂರ ಸುಮಾರು 1,400 ಕಿ.ಮೀ. ಹೆಚ್ಚಾಯಿತು, ಒಟ್ಟು 15,300. ಆದರೂ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು, ಮೊದಲಿಗಿಂತ ಎರಡು ಗಂಟೆ ಬೇಗ! ಸರಾಸರಿ ವೇಗ ಗಂಟೆಗೆ 1,050 ಕಿ.ಮೀ. ದಾಟಿತ್ತು. ಅಷ್ಟು ವೇಗ ಬರೀ ಎಂಜಿನ್‌ನಿಂದ ಬಂದದ್ದಲ್ಲ, ಹಿಂದಿನಿಂದ ಗಾಳಿಯೂ ತಳ್ಳುತ್ತಿತ್ತು. ಸೀಟಿನ ಮುಂದಿರುವ ಪರದೆಯಲ್ಲಿ ಈ ವೇಗ ಕಾಣುತ್ತದೆ, ಹೋಗುವಾಗ ಗಮನಿಸಿ.

ಹಾಗಾಗಿ ಬೆಂಗಳೂರಿನಿಂದ ನೇರ ವಿಮಾನಕ್ಕೆ ಸುಮಾರು 16 ಗಂಟೆ, ವಾಪಸ್ ಬರಲು 17 ಗಂಟೆ ಅಥವಾ ಸ್ವಲ್ಪ ಹೆಚ್ಚು ಎಂದು ಇಟ್ಟುಕೊಳ್ಳಿ. ನೇರ ವಿಮಾನ ಸಿಗದಿದ್ದರೆ ನಡುವೆ ಇಳಿದು ಹತ್ತಬೇಕು. ಫ್ರಾಂಕ್‌ಫರ್ಟ್ ಮೂಲಕವಾದರೆ ದೂರವೇ 16,500 ಕಿ.ಮೀ. ಆಸುಪಾಸು. ಹಾರುವ ಹೊತ್ತು 21 ಗಂಟೆ, ಕಾಯುವುದು ಬೇರೆ. ಮಂಡಿನೋವು ಇರುವವರು ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿಬಿಡಿ, ಸಂಕೋಚ ಬೇಡ. ಗಂಟೆಗಟ್ಟಲೆ ಕೂತಲ್ಲೇ ಕೂರಬೇಡಿ, ಆಗಾಗ ಎದ್ದು ಓಡಾಡಿ.

ಇನ್ನೊಂದು ಗೊಂದಲ ತಾರೀಖಿನದು. ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಜನವರಿಯಲ್ಲಿ ಇಲ್ಲಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ! ಬರುವಾಗ ಇದು ತಿರುವುಮುರುವು. 2021ರ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂತಲ್ವಾ, ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದದ್ದು, ಅದು 9ನೇ ತಾರೀಖು ಶನಿವಾರ ರಾತ್ರಿ ಹೊರಟು ಇಲ್ಲಿ ಇಳಿದದ್ದು 11ನೇ ತಾರೀಖು ಸೋಮವಾರ ನಸುಕಿನಲ್ಲಿ. ಆದ್ದರಿಂದ ವಾಪಸ್ ಬರುವಾಗ ಕರೆದುಕೊಂಡು ಹೋಗಲು ಬರುವವರಿಗೆ ಹೊರಡುವ ದಿನ ಹೇಳಬೇಡಿ, ಇಳಿಯುವ ತಾರೀಖು ಹೇಳಿ.