ಹಸಿ ಉಪ್ಪು ಬಿಟ್ಟರೆ ಸಾಕೇ?

ರಕ್ತದೊತ್ತಡ 132/84, 136/86 ಎಂದು ಬಂದವರನ್ನು ವೈದ್ಯರು ಎಷ್ಟೋ ಸಲ ಮಾತ್ರೆ ಬರೆಯದೆ ನನ್ನಂಥ ಆಹಾರತಜ್ಞರ ಬಳಿ ಕಳಿಸುತ್ತಾರೆ. ಕಾಯಿಲೆ ಎನ್ನಿಸುವ 140/90 ದಾಟಿಲ್ಲ, ಸರಿಯಾದ ಮಟ್ಟವೆನ್ನುವ 120/80ರ ಒಳಗೂ ಇಲ್ಲ. ಊಟದ ಬಗ್ಗೆ ವಿಚಾರಿಸಿದರೆ ಹೆಚ್ಚಿನವರ ಉತ್ತರ ಒಂದೇ: "ಹಸಿ ಉಪ್ಪು ಪೂರ್ತಿ ಬಿಟ್ಟಿದ್ದೇನೆ ಮೇಡಂ." ಎಲೆಯ ತುದಿಗೆ ಬಡಿಸಿಕೊಳ್ಳುವುದಿಲ್ಲ, ಮಜ್ಜಿಗೆಗೆ ಮೇಲಿಂದ ಹಾಕಿಕೊಳ್ಳುವುದಿಲ್ಲ ಎಂದು ಅದರ ಅರ್ಥ. ಸಾರಿನಲ್ಲಿ ಕುದ್ದ ಉಪ್ಪು ತೊಂದರೆ ಮಾಡದು ಎಂಬ ನಂಬಿಕೆ ಗಟ್ಟಿಯಾಗಿದೆ. ಬಾಣಲೆಯಲ್ಲಿ ಹುರಿದಿಟ್ಟುಕೊಂಡು ಬಳಸುವವರೂ ಇದ್ದಾರೆ.

ಕುದಿಸಿದರೂ ಹುರಿದರೂ ಉಪ್ಪಿನಲ್ಲಿರುವ ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ. ಅದು ಹೆಚ್ಚಾದಾಗ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಾಳಗಳಲ್ಲಿ ಹರಿಯುವ ರಕ್ತದ ಪ್ರಮಾಣ ಏರುತ್ತದೆ, ಒತ್ತಡವೂ ಏರುತ್ತದೆ. "ಹಸಿ ಉಪ್ಪು ಬೇಡ" ಎಂಬ ಅರೆಬರೆ ಸಲಹೆ ಆರೋಗ್ಯ ಕ್ಷೇತ್ರದವರ ಬಾಯಿಂದಲೂ ಬರುತ್ತಿರುವುದು ನನಗೆ ಬೇಸರ ತರುತ್ತದೆ. ಸೈಂಧವ ಲವಣದ್ದೂ ಇದೇ ಕಥೆ: ಬೆಲೆ ಹೆಚ್ಚು, ಸೋಡಿಯಂ ಹೆಚ್ಚುಕಡಿಮೆ ಅಷ್ಟೇ. ಅಯೋಡಿನ್ ಸೇರಿಸದ್ದಾದರೆ ಅದೊಂದು ನಷ್ಟ ಬೇರೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಅಂದರೆ ಒಂದು ಟೀ ಚಮಚದೊಳಗೆ. ಆದರೆ ನಮ್ಮಲ್ಲಿ ಉಪ್ಪು ಹಾಕುವುದು ಕೈಯಳತೆಯಲ್ಲಿ. ಹಾಗಾಗಿ ನಾನು ಚಮಚದ ಮಾತು ಬಿಟ್ಟು ಪೊಟ್ಟಣದ ಲೆಕ್ಕ ಕೇಳುತ್ತೇನೆ. ನಾಲ್ವರು ದೊಡ್ಡವರಿರುವ ಮನೆಗೆ ದಿನಕ್ಕೆ 20 ಗ್ರಾಂ ಎಂದರೆ ಒಂದು ಕಿಲೋ ಪೊಟ್ಟಣ 50 ದಿನವಾದರೂ ಬರಬೇಕು. ತಿಂಗಳಿಗೇ ಮುಗಿಯುತ್ತಿದ್ದರೆ ತಲೆಗೆ 8 ಗ್ರಾಂ ದಾಟಿದೆ. ಹೊರಗಿನ ತಿಂಡಿ, ಅಂಗಡಿಯ ಉಪ್ಪಿನಕಾಯಿ ಇದರಲ್ಲಿ ಸೇರಿಲ್ಲ.

ಈ ಪ್ರಶ್ನೆ ಕೇಳಿದಾಗ ಅನೇಕ ಗಂಡಸರು ಅಲ್ಲಿಂದಲೇ ಮನೆಗೆ ಫೋನ್ ಮಾಡುತ್ತಾರೆ. ತೊಡಕಿರುವುದೇ ಇಲ್ಲಿ. ಸಲಹೆ ಕೇಳಿಸಿಕೊಳ್ಳುವವರು ಒಬ್ಬರು, ಉಪ್ಪಿನ ಡಬ್ಬಿಗೆ ಕೈ ಹಾಕುವವರು ಇನ್ನೊಬ್ಬರು. ಅಡುಗೆ ಮಾಡುವವರನ್ನೂ ಜೊತೆಗೆ ಕರೆದುಕೊಂಡು ಬನ್ನಿ ಎಂದು ನಾನು ಹಟ ಹಿಡಿಯುವುದು ಅದಕ್ಕಾಗಿ. "ಇವರೊಬ್ಬರಿಗೆ ಸಪ್ಪೆ ಸಾರು ಬೇರೆ ಮಾಡುತ್ತೇನೆ" ಎನ್ನುವ ಗೃಹಿಣಿಯರಿಗೆ ಬೇಡ ಎನ್ನುತ್ತೇನೆ. ಎರಡೆರಡು ಸಾರು ಕುದಿಸುವ ಶ್ರಮ ಹೆಚ್ಚು ದಿನ ನಡೆಯುವುದಿಲ್ಲ, ಉಳಿದವರಿಗೂ ಅಷ್ಟು ಉಪ್ಪು ಬೇಕಿಲ್ಲ. ಇಡೀ ಮನೆಯ ಪಾತ್ರೆಗೇ ಚೂರುಚೂರಾಗಿ ಕಡಿಮೆ ಮಾಡುತ್ತಾ ಹೋದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಮುದ್ದೆ, ಜೋಳದ ರೊಟ್ಟಿ, ಅನ್ನಕ್ಕೆ ಉಪ್ಪಿನ ಅಗತ್ಯವೇ ಇಲ್ಲ. ಚಪಾತಿ ಹಿಟ್ಟಿಗೂ ಬಿಡಬಹುದು. ಪಲ್ಯಕ್ಕೆ ಇಳಿಸುವ ಹೊತ್ತಿಗೆ ನಿಂಬೆರಸ ಹಿಂಡಿದರೆ ಕಡಿಮೆ ಉಪ್ಪಿನಲ್ಲೇ ರುಚಿ ಕೂಡುತ್ತದೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಕರಾವಳಿಯ ಒಣಮೀನು, ಬೇಕರಿಯ ಖಾರ ಬಿಸ್ಕತ್ತು ಇವುಗಳ ಮೇಲೆ ಕಣ್ಣಿರಲಿ. ಬೋಂಡಾ ಹಿಟ್ಟಿಗೆ ಹಾಕುವ ಸೋಡಾ ಉಪ್ಪಾಗಿರದಿದ್ದರೂ ಅದರಲ್ಲಿರುವುದೂ ಸೋಡಿಯಮ್ಮೇ.

ಕಡಿಮೆ ಮಾಡಬೇಕಾದದ್ದನ್ನು ಎಲ್ಲರೂ ಹೇಳುತ್ತಾರೆ, ಹೆಚ್ಚು ತಿನ್ನಬೇಕಾದದ್ದನ್ನು ಹೇಳುವವರು ಕಡಿಮೆ. 1997ರಲ್ಲಿ ಪ್ರಕಟವಾದ ಅಮೆರಿಕದ ಡ್ಯಾಶ್ ಅಧ್ಯಯನದಲ್ಲಿ ಉಪ್ಪಿನ ಪ್ರಮಾಣವನ್ನು ಬದಲಿಸದೆ ಹಣ್ಣು, ತರಕಾರಿ, ಕೆನೆ ತೆಗೆದ ಹಾಲು ಹೆಚ್ಚಿಸಿದಾಗಲೂ ರಕ್ತದೊತ್ತಡ ಇಳಿಯಿತು. ಇವುಗಳಲ್ಲಿರುವ ಪೊಟ್ಯಾಸಿಯಂ ಸೋಡಿಯಂ ಅನ್ನು ಮೂತ್ರದಲ್ಲಿ ಹೊರಹಾಕಲು ನೆರವಾಗುತ್ತದೆ. ನಮ್ಮ ಬಸ್ಸಾರಿನ ಬಗ್ಗೆ ನನಗೆ ವಿಶೇಷ ಅಭಿಮಾನ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಪೊಟ್ಯಾಸಿಯಂ ಇಳಿದಿರುತ್ತದೆ. ಅದನ್ನು ಚೆಲ್ಲದೆ ಸಾರು ಮಾಡುತ್ತೇವೆ. ಆ ಸಾರಿಗೆ ಉಪ್ಪನ್ನು ಕಡಿಮೆ ಹಾಕಿದರೆ ಅಷ್ಟೇ ಸಾಕು.

ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪೂ ಈಗ ಅಂಗಡಿಗಳಲ್ಲಿದೆ. ಅನೇಕರಿಗೆ ಇದು ಒಳ್ಳೆಯದೇ. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ ಮತ್ತು ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಏರುಪೇರಾಗಬಹುದು. ಒಂದೇ ಡಬ್ಬಿಯ ಉಪ್ಪನ್ನು ಮನೆಮಂದಿಯೆಲ್ಲ ಉಣ್ಣುತ್ತಾರೆ. ಆದ್ದರಿಂದ ಅದನ್ನು ತರುವ ಮೊದಲು ಮನೆಯ ಹಿರಿಯರ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ) ವರದಿ ಮತ್ತು ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ ಕೇಳಿ.